ವೀಳ್ಯ ಇಟ್ಟು ಕೊಟ್ಟ ಹಾಡು

ಅಕ್ಕ ತೀರಿಕೊಂಡ ಸುದ್ದಿ ಬರುವ ಮೊದಲೇ ನನಗೆ ಅವರ ದನಿ ಬಂತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಮೊಬೈಲು ನೋಡಿದರೆ ಪರಿಚಯದವರ ಸ್ಟೇಟಸ್ಸಿನಲ್ಲೆಲ್ಲ ಅವರು ಹಾಡಿದ ಆ ಮದುವೆ ಹಾಡು, ಕೆಳಗೊಂದು ಉರಿಯುವ ದೀಪ, ಪಕ್ಕದಲ್ಲಿ ಒಂದು ಹೆಂಗಸಿನ ಫೋಟೊ. ಆ ಫೋಟೊ ಅಕ್ಕನದ್ದಲ್ಲ. ಹಿಂದೆ ಅವರ ಹಾಡಿನ ಕ್ಯಾಸೆಟಿನ ಮೇಲೆ ಹಾಕಿದ್ದರಲ್ಲ, ಯಾವುದೋ ಮದುವೆಯ ಯಾವುದೋ ಹೆಂಗಸು, ಅದು. ಸತ್ತ ಮೇಲಾದರೂ ಸರಿಯಾದ ಮುಖ ಹಾಕಬಾರದೇ ಮಾರಾಯ್ರೆ? ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಸಿಟ್ಟು ಮಾಡುವುದು ಎಂದು ಗೊತ್ತಾಗದೆ ಶಟರು ಎಳೆದು ಬೈಂದೂರಿನ ಬಸ್ಸು ಹತ್ತಿದೆ.

ನಾನು ಮೈಕಿನವನು. ಕುಂದಾಪುರದಲ್ಲಿ ನನ್ನದೊಂದು ಧ್ವನಿವರ್ಧಕದ ಅಂಗಡಿ ಉಂಟು. ಹಿಂದೆ ಊರಿನ ಅರ್ಧ ಮದುವೆಗೆ ನನ್ನದೇ ಹಾರ್ನು, ನನ್ನದೇ ಸ್ಪೀಕರು ಡಬ್ಬಿ. ಈಗ ಕಲ್ಯಾಣಮಂಟಪದವರೇ ಎಲ್ಲ ಇಟ್ಟುಕೊಂಡಿದ್ದಾರೆ, ನಾನು ಹೆಚ್ಚಾಗಿ ರಿಪೇರಿ ಮಾಡುತ್ತ ಕೂತಿರುತ್ತೇನೆ. ಅಕ್ಕನ ಪರಿಚಯವೂ ಆದದ್ದು ಮದುವೆ ಮನೆಯಲ್ಲೇ. ಬೈಂದೂರಿನ ಹತ್ತಿರ ಅಕ್ಕನ ಊರಾದ ಯಡ್ತರೆಯ ಕಡೆ ಒಂದು ಮನೆಯಲ್ಲಿ ಹೆಣ್ಣಿನ ಮದುವೆ, ಚಪ್ಪರದಲ್ಲಿ ಶೋಭಾನೆ ಹಾಡುವ ಹೆಂಗಸರು ಸುತ್ತ ಕೂತಿದ್ದರು. ನಾನು ಹೊಸ ಉತ್ಸಾಹದಲ್ಲಿ ಮೈಕು ತೆಗೆದುಕೊಂಡು ಹೋಗಿ ನಡುವೆ ಕೂತಿದ್ದ ಅಕ್ಕನ ಬಾಯಿಯ ಹತ್ತಿರ ಹಿಡಿದೆ.

“ಹ್ವಾಯ್, ಅದನ್ನ್ ಆಚಿಗೆ ಇಡಿ ಕಾಂಬ. ಬಾಯಿಗೆ ತುರುಕ್ತ್ರಿಯಾ ಎಂತ?”

ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ನನ್ನ ಮುಖ ಕೆಂಪಾಯಿತು. ಅವರು ಎಲೆ ಅಡಿಕೆಯನ್ನು ಕೆನ್ನೆಯ ಒಂದು ಬದಿಗೆ ದೂಡಿ, ಎಡಗೈಯನ್ನು ಕಿವಿಯ ಹಿಂದೆ ಇಟ್ಟು, ಕಣ್ಣು ಮುಚ್ಚಿ ಶುರುಮಾಡಿದರು. ಮೈಕು ಆಚೆ ಕಂಬದ ಹತ್ತಿರ ಬಿದ್ದಿತ್ತು. ಹಾಗಿದ್ದೂ ಅವರ ಸ್ವರ ಹಾರ್ನಿನಲ್ಲಿ ಖಣಿಲ್ಲೆಂದು ಬಂದು ಹಿಂದಿನ ಗದ್ದೆಯಲ್ಲಿ ಅನ್ನ ಬಸಿಯುತ್ತಿದ್ದ ಅಡುಗೆಯವರು ಸಟ್ಟುಗ ಹಿಡಿದುಕೊಂಡೇ ಇತ್ತ ತಿರುಗಿದರು. ಅವತ್ತಿನಿಂದ ನಾನು ಅವರ ಪಾಲಿಗೆ ‘ಮೈಕಿನ ಮಾಣಿ’. ನನ್ನ ತಲೆ ಪೂರ್ತಿ ಬೆಳ್ಳಗಾದ ಮೇಲೂ ಮಾಣಿಯೇ.

ಬಾಯಿ ಜೋರು ಅವರದ್ದು. ಮದುವೆಗೆ ಬಂದರೆ ಹಾಡುವುದೊಂದೇ ಅಲ್ಲ, ಇಡೀ ಮನೆಯ ಯಜಮಾನಿಕೆ ಅವರದ್ದೇ. ಮದುಮಗಳಿಗೆ ಸೀರೆ ಉಡಿಸಿದ್ದು ಸರಿಯಿಲ್ಲ ಎನ್ನುವುದು, ಬಡಿಸುವವರಿಗೆ ಗದರುವುದು, ದಿಬ್ಬಣದವರು ತಡಮಾಡಿದರೆ “ಅವ್ರ್ ಎಂತ, ನಡ್ಕಂಡ್ ಬತ್ತಿದ್ರಾ ಮುಂಬೈಯಿಂದ?” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುವುದು. ಗಂಡ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು ಎಳೆಯ ಪ್ರಾಯದಲ್ಲೇ ತೀರಿಹೋಗಿದ್ದರು. ಸ್ವಲ್ಪ ಗದ್ದೆ, ಒಬ್ಬಳು ಮಗಳು. ಕಷ್ಟ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ, ಹೇಳಿದ್ದರೂ ಬೈದ ಹಾಗೇ ಕೇಳುತ್ತಿತ್ತೇನೋ.

ಅವರ ಹಾಡುಗಳಲ್ಲಿ ಒಂದು ಹಾಡು ಎಲ್ಲರಿಗೂ ಬೇಕು. ಮದುಮಗಳು ತಾಯಿಮನೆಯಿಂದ ಹೊರಡುವಾಗ ಹಾಡುವುದು. ಹೊರಟು ನಿಂತ ಹುಡುಗಿಯನ್ನು ಮನೆಯ ಒಂದೊಂದು ವಸ್ತುವೂ ಮಾತಾಡಿಸುತ್ತದೆ. ಬಾವಿ ಕೇಳುತ್ತದೆ, ‘ಹೋಪುದಾ ಮಗಳೇ, ನಾಳಿಗೆ ನನ್ನ ನೀರ್ ಸೇದುವರ್ ಯಾರ್?’ ಆಮೇಲೆ ಹಟ್ಟಿಯ ಕರು ಕೇಳುತ್ತದೆ, ಮಲ್ಲಿಗೆ ಬಳ್ಳಿ ಕೇಳುತ್ತದೆ. ಅರೆಯುವ ಕಲ್ಲು, ಹೊಸ್ತಿಲು, ಅಣ್ಣ, ಅಪ್ಪ. ಎಲ್ಲರದ್ದೂ ಪ್ರಶ್ನೆಯೇ. ಅಕ್ಕ ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಸೊಲ್ಲು ಹಿಡಿದು ಅದನ್ನೇ ತಿರುಗಿ ಹೇಳುತ್ತಿದ್ದರು. ಕೊನೆಗೆ ತಾಯಿಯ ಮಾತು. ತಾಯಿ ಪ್ರಶ್ನೆ ಕೇಳುವುದಿಲ್ಲ, ಏನೋ ಹೇಳುತ್ತಾಳೆ. ಅದಕ್ಕೆ ಸೊಲ್ಲು ಹಿಡಿಯುವ ಪದ್ಧತಿ ಇಲ್ಲ. ಹೆಂಗಸರೆಲ್ಲ ಸುಮ್ಮನಾಗುತ್ತಿದ್ದರು, ಅಕ್ಕ ಮದುಮಗಳನ್ನು ತನ್ನ ಮೊಣಕಾಲಿಗೆ ಒರಗಿಸಿ ಕೂರಿಸಿಕೊಂಡು ಒಬ್ಬರೇ, ಬಹಳ ತಗ್ಗಿದ ದನಿಯಲ್ಲಿ ಹಾಡುತ್ತಿದ್ದರು. ಹುಡುಗಿಯರು ಬಿಕ್ಕಿ ಬಿಕ್ಕಿ ಅಳುತ್ತಿದ್ದದ್ದು ಆವಾಗಲೇ. ಹೇಳಿದ ಮಾತು ಏನು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನನ್ನ ಗಮನವೆಲ್ಲ ಮೈಕು ಕಿರ್ರೆನ್ನದ ಹಾಗೆ ನೋಡಿಕೊಳ್ಳುವುದರ ಮೇಲೆ.

ಹಾಡು ಶುರುಮಾಡುವ ಮೊದಲು ಅವರು “ಅತ್ತೆ ಕೊಟ್ಟದ್ದ್” ಎನ್ನುತ್ತಿದ್ದರು. ಅದು ಭಕ್ತಿಯ ಮಾತು ಎಂದು ನಾನು ತಿಳಿದಿದ್ದೆ. ಭಕ್ತಿಯದ್ದಲ್ಲ, ವ್ಯವಹಾರದ್ದೇ ಎಂದು ತಿಳಿದದ್ದು ಬಹಳ ಆಮೇಲೆ. ಅವರ ಮನೆಯ ಕಡೆಯ ಹೆಂಗಸರಲ್ಲಿ ಒಂದು ಕಟ್ಟು ಉಂಟು. ಹಾಡನ್ನು ಸುಮ್ಮನೆ ಕಲಿಸುವುದಿಲ್ಲ, ಕೊಡುತ್ತಾರೆ. ಹಿರಿಯವಳು ಬಟ್ಟಲಲ್ಲಿ ಎಲೆ, ಅಡಿಕೆ ಇಟ್ಟು, ಇದನ್ನು ಕೊಟ್ಟೆ ಎಂದು ಹೇಳಿ ಕೈಗೆ ದಾಟಿಸಬೇಕು. ದಾಟಿಸಿದ ಮೇಲೆ ಅವಳು ಆ ಹಾಡಿಗೆ ಬಾಯಿ ತೆರೆಯುವ ಹಾಗಿಲ್ಲ, ಇನ್ನು ಅದು ಪಡೆದವಳದ್ದು. ಪಡೆದವಳು ಬೇರೆಯವರಿಗೆ ಕೊಡದೆ ತೀರಿಕೊಂಡರೆ ಅವಳ ಮನೆಯವರು ವೀಳ್ಯದ ಸಮೇತ ಹಾಡನ್ನು ಕೊಟ್ಟವಳಿಗೇ ತಿರುಗಿ ಒಪ್ಪಿಸಬೇಕು. ಅಕ್ಕನ ಅತ್ತೆ ಸೊಸೆಗೆ ಹಾಡು ಕೊಟ್ಟ ಮೇಲೆ ಮದುವೆ ಮನೆಗಳಲ್ಲಿ ಎಲೆ ಜಗಿಯುತ್ತ ಸುಮ್ಮನೆ ಕೂತಿರುತ್ತಿದ್ದರಂತೆ. ಸೊಸೆ ತಪ್ಪಿದರೆ ತೊಡೆ ಚಿವುಟುತ್ತಿದ್ದರಂತೆ, ಅಷ್ಟೇ.

ಇನ್ನು ಕ್ಯಾಸೆಟಿನ ವಿಷಯ. ನಮ್ಮೂರಿನಿಂದ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಚೆನ್ನಾಗಿ ಸಂಪಾದಿಸಿದವರೊಬ್ಬರು ಇದ್ದರು, ಊರಿನವರು ಅವರನ್ನು ಧಣಿ ಎನ್ನುತ್ತಿದ್ದರು. ಹಾಡಿನ ಹುಚ್ಚು. ಹೋಟೆಲಿನ ಜೊತೆಗೆ ಕ್ಯಾಸೆಟಿನ ಸಣ್ಣದೊಂದು ಕಂಪೆನಿಯನ್ನೂ ಮಾಡಿಕೊಂಡಿದ್ದರು. ಯಾರದೋ ಮದುವೆಗೆ ಊರಿಗೆ ಬಂದವರು ಅಕ್ಕನ ಹಾಡು ಕೇಳಿ ಊಟ ಬಿಟ್ಟು ಎದ್ದು ಬಂದು ಮುಂದೆ ಕೂತುಬಿಟ್ಟರು. ಮುಂದಿನ ಸಲ ಬರುವಾಗ ಮುಂಬೈಯಿಂದ ರೆಕಾರ್ಡು ಮಾಡುವವನನ್ನೂ ಕರೆದುಕೊಂಡೇ ಬಂದರು. ನನ್ನ ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಹಾಸಿಗೆ ಒರಗಿಸಿ, ಫ್ಯಾನು ಬಂದ್ ಮಾಡಿ, ಕಾಗೆ ಓಡಿಸಲಿಕ್ಕೆ ಒಬ್ಬರನ್ನು ಹೊರಗೆ ನಿಲ್ಲಿಸಿ ಹಾಡಿಸಿದೆವು. ಅಕ್ಕ ಬೆವರು ಒರೆಸಿಕೊಳ್ಳುತ್ತ, “ಕಾಗಿ ಕೂಗ್ರೆ ಕೂಗ್ಲಿ, ಅದಕ್ಕೂ ಮದಿ ಮನ್ಯಗೆ ಊಟ ಇತ್ತಲ್ದಾ?” ಎಂದು ಗೊಣಗಿದರು.

ಹೊರಡುವ ಹಾಡಿನಲ್ಲಿ ಬಾವಿ ಆಯಿತು, ಕರು ಆಯಿತು, ಮಲ್ಲಿಗೆ ಆಯಿತು. ರೆಕಾರ್ಡಿನವನು ಕೈ ಎತ್ತಿದ. ಟೇಪಿನ ಆ ಬದಿ ತುಂಬಿತ್ತು.

“ತಾಯಿ ಮಾತ್ ಬರ್ಲಿಲ್ಲಲೆ ಇನ್ನೂ,” ಎಂದರು ಅಕ್ಕ.

“ಸಾಕಕ್ಕ, ಅದನ್ನ್ ಮುಂದಿನ ಕ್ಯಾಸೆಟಿಗೆ ಹಾಕ್ವ,” ಎಂದರು ಧಣಿ.

ಮುಂದಿನ ಕ್ಯಾಸೆಟು ಬರಲೇ ಇಲ್ಲ. ಆ ದಿನ ಧಣಿ ಒಂದು ಒಳ್ಳೆಯ ಸೀರೆ, ಒಂದು ಲಕೋಟೆ ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮೋಸದ ಜನ ಅಲ್ಲ ಅವರು. ಆಗ ಎಲ್ಲರೂ ಮಾಡುತ್ತಿದ್ದದ್ದೇ ಹಾಗೆ. ಒಮ್ಮೆ ಕೊಟ್ಟರೆ ಮುಗಿಯಿತು, ಆಮೇಲೆ ಕ್ಯಾಸೆಟು ಎಷ್ಟು ಹೋದರೂ ಹಾಡಿದವರಿಗೆ ಸಂಬಂಧ ಇಲ್ಲ. ಲಕೋಟೆಯನ್ನು ಅಕ್ಕ ಬಿಚ್ಚಿಯೂ ನೋಡಲಿಲ್ಲ. ತಮ್ಮ ಸಂಚಿಯಿಂದ ಎಲೆ, ಅಡಿಕೆ ತೆಗೆದು, ನನ್ನತ್ರ ಬಟ್ಟಲು ಕೇಳಿ, ನಾನು ಚಾ ಕುಡಿಯುವ ಸಾಸರು ಕೊಟ್ಟರೆ ಅದರಲ್ಲೇ ಇಟ್ಟು ಎರಡು ಕೈಯಲ್ಲಿ ಧಣಿಯ ಮುಂದೆ ಹಿಡಿದರು. “ಇಷ್ಟೂ ಹಾಡ್ ಕೊಟ್ಟೆ,” ಎಂದರು. ಧಣಿ ನಕ್ಕು, ಕಣ್ಣಿಗೆ ಒತ್ತಿಕೊಂಡು, ಅಲ್ಲೇ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರು. ಮರ್ಯಾದೆಗೆ ಕೊಟ್ಟರು ಎಂದು ಅವರೂ ತಿಳಿದರು, ನಾನೂ ತಿಳಿದೆ.

ಅಲ್ಲಿಂದ ಮುಂದೆ ಅಕ್ಕ ಹಾಡಲಿಲ್ಲ.

ಮದುವೆಗೆ ಬರುತ್ತಿದ್ದರು. ಬೈಯುತ್ತಿದ್ದರು, ಸೀರೆ ಸರಿಮಾಡುತ್ತಿದ್ದರು, ಪಾಯಸಕ್ಕೆ ಬೆಲ್ಲ ಕಡಿಮೆ ಎನ್ನುತ್ತಿದ್ದರು. ಹಾಡು ಎಂದರೆ ಮಾತ್ರ ತಲೆ ಅಲ್ಲಾಡಿಸಿ ಎಲೆ ಸಂಚಿ ಬಿಚ್ಚುತ್ತಿದ್ದರು. ಕ್ಯಾಸೆಟು ಬಂದ ಮೇಲೆ ಜಂಬ ಬಂತು ಎಂದು ಜನ ಆಡಿಕೊಂಡರು. ಅವರ ಜೊತೆ ಸೊಲ್ಲು ಹಿಡಿಯುತ್ತಿದ್ದ ಹೆಂಗಸರಿಗೆ ವಿಷಯ ಗೊತ್ತಿತ್ತು, ಅವರಿಗೆ ಅದು ವಿಚಿತ್ರ ಅನ್ನಿಸಲಿಲ್ಲ, ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ. ನನಗೇನು? ಹೆಂಗಸರು ಹಾಡದಿದ್ದರೆ ಕ್ಯಾಸೆಟು ಉಂಟಲ್ಲ, ಹಾಕಿದೆ. ಆ ಹಾಡಿಲ್ಲದೆ ಹೆಣ್ಣು ಕಳಿಸುವುದಿಲ್ಲ ಎನ್ನುವಷ್ಟು ಅದು ಓಡಿತು. ಪ್ರತಿಯೊಂದು ಮದುವೆಯಲ್ಲೂ ಬಾವಿ, ಕರು, ಮಲ್ಲಿಗೆ ಆದ ಮೇಲೆ ಸ್ವರ ಸಣ್ಣದಾಗುತ್ತ ಹೋಗಿ ಮುಂದಿನ ಹಾಡು ಶುರುವಾಗುತ್ತಿತ್ತು.

ಅವರ ಮಗಳ ಮದುವೆ ಬೈಂದೂರಿನ ಕಲ್ಯಾಣಮಂಟಪದಲ್ಲಿ. ಹುಡುಗ ಬ್ರಹ್ಮಾವರದವನು, ವ್ಯಾಪಾರಸ್ಥರ ಮನೆ. ದಿಬ್ಬಣ ಹೊರಡುವ ಹೊತ್ತಿಗೆ ಮಗಳು ತಾಯಿಯ ಕೈ ಹಿಡಿದುಕೊಂಡು ಬೇಡಿಕೊಂಡಳು, “ಅಮ್ಮಾ, ಒಂದೇ ಒಂದ್ ಸಲ. ಊರಿನ್ ಮಕ್ಳಿಗೆಲ್ಲ ಹಾಡಿದ್ಯಲೆ. ನಂಗೆ ಬ್ಯಾಡ್ದಾ?” ಅಕ್ಕ ಇನ್ನೊಂದು ಕೈಯಲ್ಲಿ ಮಗಳ ಸೆರಗು ಸರಿಮಾಡಿದರು. ನನ್ನ ಕಡೆ ತಿರುಗಿ, “ಮಾಣಿ, ಹಾಕ್,” ಎಂದರು. ನಾನು ಹಾಕಿದೆ. ತಾಯಿ ಪಕ್ಕದಲ್ಲೇ ನಿಂತಿದ್ದರು, ತಾಯಿಯ ಸ್ವರ ಹಾರ್ನಿನಲ್ಲಿ ಬರುತ್ತಿತ್ತು. ಮಗಳು ಕೈ ಬಿಡಿಸಿಕೊಂಡು ತಿರುಗಿ ನೋಡದೆ ಕಾರು ಹತ್ತಿದಳು. ಆ ನೋವನ್ನು ಅವಳು ಎಷ್ಟು ವರ್ಷ ಇಟ್ಟುಕೊಂಡಿದ್ದಳೆಂದರೆ, ಬ್ರಹ್ಮಾವರದಿಂದ ಯಡ್ತರೆಗೆ ಬಂದಾಗಲೆಲ್ಲ ಒಂದಲ್ಲ ಒಂದು ನೆಪದಲ್ಲಿ ಅದೇ ಜಗಳ ಎದ್ದು ಬರುತ್ತಿತ್ತು.

ಕ್ಯಾಸೆಟು ಹೋಗಿ ಸೀಡಿ ಬಂತು, ಅದೂ ಹೋಗಿ ಪೆನ್‌ಡ್ರೈವ್ ಬಂತು. ನನ್ನ ಅಂಗಡಿಯಲ್ಲಿ ಮಾರಲಿಕ್ಕೆ ಏನೂ ಉಳಿಯಲಿಲ್ಲ. ಹಾಡು ಈಗ ಗಾಳಿಯಲ್ಲಿ ಉಂಟಂತೆ, ಫೋನಿನಲ್ಲಿ ಹೆಸರು ಹೇಳಿದರೆ ಬರುತ್ತದಂತೆ. ಬಂತಪ್ಪ. ಒಂದು ದಿನ ಯಾರೋ ಆ ಬಾವಿಯ ಸಾಲಿಗೆ ಡುಬು ಡುಬು ಎಂದು ಡ್ರಮ್ಮು ಸೇರಿಸಿ ಬಿಟ್ಟರು. ಆಮೇಲೆ ಕಾಣಬೇಕಿತ್ತು. ಎಲ್ಲೆಲ್ಲಿನ ಹುಡುಗಿಯರೋ ಸೊಂಟ ಕುಣಿಸಿಕೊಂಡು ರೀಲ್ಸ್ ಮಾಡಿದರು. ಕನ್ನಡ ಗೊತ್ತಿಲ್ಲದವರೂ ‘ನೀರ್ ಸೇದುವರ್ ಯಾರ್’ ಎಂದು ತುಟಿ ಆಡಿಸಿದರು. ಅಕ್ಕನ ಮಗಳು ಫೋನು ಹಿಡಿದುಕೊಂಡು ನನ್ನ ಅಂಗಡಿಗೇ ಬಂದಳು. “ಇಷ್ಟ್ ಜನ ಕಂಡಿದ್ರ್. ಇದ್ರ್ ದುಡ್ಡೆಲ್ಲ ಯಾರಿಗ್ ಹೋತ್ತ್? ಅಮ್ಮ ಸೋರೂ ಮಾಡಿನ್ ಕೆಳ್ಗೆ ಕೂಕಂಡ್ ಇತ್ತ್.”

ನನಗೂ ಉರಿಯಿತು. ಇಬ್ಬರೂ ಸೇರಿ ಅಕ್ಕನತ್ರ ಹೋದೆವು. ಅವರು ಕತ್ತಿಮಣೆಯಲ್ಲಿ ಬಾಳೆದಿಂಡು ಹೆಚ್ಚುತ್ತಿದ್ದರು. ರೀಲ್ಸು ನೋಡಿ ಮೊದಲು ನಕ್ಕರು. “ಈ ಹೆಣ್ಣ್ ಹಂಗ್ ಕೊಣಿತಾ ನೀರ್ ಸೇದ್ರೆ ಕೊಡಪಾನ ಒಡಿತ್ತ್,” ಎಂದರು. ದುಡ್ಡಿನ ಮಾತು ತೆಗೆದದ್ದೇ ಮುಖ ಗಂಟಾಯಿತು. “ನಾನ್ ಮಾರಿದ್ದಲ್ಲ, ಕೊಟ್ಟದ್ದ್. ಕೊಟ್ಟದ್ರ್ ಲೆಕ್ಕ ಕೇಂಬುದಾ? ನಾಚ್ಕಿ ಆತಿಲ್ಯಾ ನಿಮ್ಗೆ?”

ಬ್ರಹ್ಮಾವರದಲ್ಲಿ ಒಂದು ಹುಡುಗಿ ಇದ್ದಾಳೆ. ಕುಂದಾಪ್ರ ಕನ್ನಡದಲ್ಲಿ ತಾನೇ ಹಾಡು ಕಟ್ಟಿ, ಮನೆಯ ಕೋಣೆಯಲ್ಲೇ ರೆಕಾರ್ಡು ಮಾಡಿ ಫೋನಿಗೆ ಬಿಡುತ್ತಾಳೆ. ತಿಂಗಳು ತಿಂಗಳು ಅವಳಿಗೆ ಅದರಿಂದ ಏನೋ ಒಂದಿಷ್ಟು ಬರುತ್ತದೆ. ಅಕ್ಕನ ಮಗಳ ನೆರೆಮನೆಯವಳು. ಅಕ್ಕನನ್ನು ನೋಡಬೇಕು ಎಂದು ಹಟಹಿಡಿದಾಗ ನಾನೇ ಕರೆದುಕೊಂಡು ಹೋದೆ. ದಾರಿಯಲ್ಲಿ ಬಸ್ಸಿನಲ್ಲಿ ಅವಳು ನನಗೆ ಈಗಿನ ಕ್ರಮ ವಿವರಿಸಿದಳು. ಈಗ ಬುದ್ಧಿ ಇದ್ದವರು ಯಾರೂ ಪೂರ್ತಿ ಬರೆದುಕೊಡುವುದಿಲ್ಲವಂತೆ. ರೆಕಾರ್ಡು ತನ್ನ ಹೆಸರಿನಲ್ಲೇ ಇಟ್ಟುಕೊಂಡು, ಗದ್ದೆಯನ್ನು ಗೇಣಿಗೆ ಕೊಟ್ಟ ಹಾಗೆ ಕಂಪೆನಿಗೆ ಕೆಲವು ವರ್ಷಕ್ಕೆ ಕೊಡುವುದಂತೆ, ಬಂದದ್ದರಲ್ಲಿ ಪಾಲು. ಒಂದು ಸಲ ಕೇಳಿದರೆ ಸಿಗುವುದು ಪೈಸೆಯ ಚೂರು, ಆದರೂ ತನ್ನದು ಎಂಬುದೊಂದು ಇರುತ್ತದೆ ಎಂದಳು. ಹಿಂದೆ ಬರೆದುಕೊಟ್ಟ ದೊಡ್ಡ ದೊಡ್ಡ ಗಾಯಕರೇ ತಮ್ಮ ಹಳೆ ಹಾಡನ್ನು ಈಗ ಮತ್ತೆ ಹಾಡಿ ಹೊಸ ರೆಕಾರ್ಡು ಮಾಡಿಕೊಳ್ಳುತ್ತಿದ್ದಾರಂತೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಕ್ಕ ಮೊದಲು ಅವಳನ್ನು ಹಾಡಿಸಿದರು. “ಸ್ವರ ಲಾಯ್ಕಿತ್ತ್ ಹೆಣೆ. ಉಸ್ರ್ ಎಲ್ಲ್ ಬಿಡೂದಂದ್ ಗೊತ್ತಿಲ್ಲೆ ನಿಂಗೆ,” ಎಂದು ಹತ್ತಿರ ಕೂರಿಸಿಕೊಂಡು, ಬೆನ್ನಿನ ಮೇಲೆ ಕೈಯಿಟ್ಟು ಉಸಿರು ತೋರಿಸಿಕೊಟ್ಟರು. ಹುಡುಗಿ ಮೆಲ್ಲಗೆ ವಿಷಯ ತೆಗೆದಳು.

“ಅಮ್ಮ, ಆ ಹಾಡ್ ಇನ್ನೊಂದ್ಸಲ ಹಾಡಿ. ನಾನ್ ರೆಕಾರ್ಡ್ ಮಾಡ್ತೆ. ಹೊಸತ್ ನಿಮ್ದೇ ಆತ್ತ್.”

“ಅದ್ ಹ್ಯಾಂಗ್ ನಂದಾತ್ತ್? ವೀಳ್ಯ ಇಟ್ಟ್ ಕೊಟ್ಟಿದೆ. ಧಣಿ ತಕಂಡಿರ್. ಮತ್ತ್ ನಾನ್ ಹಾಡುಕಾಗ.”

ಆಗ ಎಲ್ಲ ಹೊರಗೆ ಬಂತು. ಅತ್ತೆ, ವೀಳ್ಯ, ಕಟ್ಟು, ಇಷ್ಟು ವರ್ಷದ ಮೌನ. ಮಗಳು ಬಾಗಿಲ ದಾರಂದಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ಅವಳಿಗೂ ಅವತ್ತೇ ಗೊತ್ತಾದದ್ದು. ನನ್ನ ಚಾದ ಸಾಸರಿನಲ್ಲಿ ಇಷ್ಟು ದೊಡ್ಡ ವ್ಯವಹಾರ ನಡೆದಿತ್ತೇ! ನಾನು ವಾದಕ್ಕೆ ಇಳಿದೆ. ಕ್ಯಾಸೆಟಿಗೆ ಬಂದದ್ದು ಮೂರು ಪ್ರಶ್ನೆ ಮಾತ್ರ ಅಲ್ಲವಾ, ಉಳಿದದ್ದು ನಿಮ್ಮತ್ರವೇ ಉಂಟಲ್ಲ, ತಾಯಿ ಮಾತನ್ನಾದರೂ ಮಗಳಿಗೆ ಕೊಡಿ ಎಂದೆ.

“ತಲಿ ಕೊಟ್ಟ್ ಕಾಲ್ ಇಟ್ಕಂಬುದಾ ಮಾಣಿ? ಹಾಡಂದ್ರೆ ಪೂರ್ತಿ ಒಂದ್.”

ಮಗಳು ಬ್ರಹ್ಮಾವರದ ಮನೆ ಬಿಟ್ಟು ತಾಯಿಯ ಹತ್ತಿರವೇ ಇರಲಿಕ್ಕೆ ಬಂದದ್ದು ಆಮೇಲೆ. ಅಕ್ಕನಿಗೆ ಉಬ್ಬಸ ಹೆಚ್ಚಾಗಿತ್ತು, ಕುಂದಾಪುರದ ಆಸ್ಪತ್ರೆಗೆ ಆಗಾಗ ಓಡಾಟ. ಮಗಳಿಗೆ ಈಗ ದುಡ್ಡೂ ಬೇಡ, ರೀಲ್ಸೂ ಬೇಡ. ಅಮ್ಮ ಇರುವಾಗಲೇ ಆ ಹಾಡನ್ನು ಒಂದು ಸಲ ಅಮ್ಮನ ಬಾಯಲ್ಲಿ ಪೂರ್ತಿ ಕೇಳಬೇಕು, ಅಷ್ಟೇ. “ದಾರಿ ಇತ್ತಲ್ದಾ ಮೈಕಣ್ಣಾ,” ಎಂದಳು ನನ್ನತ್ರ, “ಧಣಿ ತೀರ್ಕಂಡಿರ್. ಅವ್ರ್ ಮನೆಯವ್ರ್ ತಿರ್ಗಿ ಒಪ್ಸ್ರೆ ಆಯ್ತಲೆ.”

ಹೌದಲ್ಲ! ಧಣಿಯ ಮಗ ಮುಂಬೈಯಲ್ಲಿ ಹೋಟೆಲು ನಡೆಸಿಕೊಂಡಿದ್ದಾರೆ. ಫೋನು ಮಾಡಿ ಬೇಡಿಕೊಂಡೆವು. ಪುಣ್ಯಾತ್ಮ, ಬಂದರು. ಎಲೆ, ಅಡಿಕೆ, ಹೂವು, ಸೀರೆ ಎಲ್ಲ ತಂದಿದ್ದರು. ಅಕ್ಕ ಬೆಳಿಗ್ಗೆಯೇ ಮಿಂದು ಗಂಜಿ ಹಾಕಿದ ಸೀರೆ ಉಟ್ಟು ಕೂತಿದ್ದರು. ಅವರನ್ನು ಅಷ್ಟು ಗೆಲುವಾಗಿ ನಾನು ಬಹಳ ಕಾಲದಿಂದ ನೋಡಿರಲಿಲ್ಲ. “ಕೂಕಣಿ, ಕೂಕಣಿ. ಅಪ್ಪನ್ ಮೋರೆಯೇ ನಿಮ್ದ್,” ಎಂದು ಉಪಚಾರ ಮಾಡಿದರು. ಬಟ್ಟಲು ಎತ್ತುವ ಹೊತ್ತಿಗೆ ಆ ಮನುಷ್ಯ ಸುಮ್ಮನೆ ಎತ್ತಿ ಕೊಡಬಹುದಿತ್ತು. ಸುಳ್ಳು ಹೇಳಲಿಕ್ಕೆ ಬಾರದವರು.

“ಅಮ್ಮ, ಒಂದ್ ಮಾತ್ ಹೇಳ್ಕ್. ಅಪ್ಪ ಹೋದ್ಮೇಲೆ ಕ್ಯಾಸೆಟ್ ಕಂಪೆನಿ ನಡ್ಸೂಕೆ ಆಯ್ಲಿಲ್ಲೆ. ಹಾಡೆಲ್ಲ ಒಟ್ಟಿಗೆ ಒಬ್ರಿಗೆ ಮಾರ್ದೆ.”

“ಮಾರ್ದ್ರ್ಯಾ?”

“ಅವ್ರ್ ಮತ್ತೊಂದ್ ದೊಡ್ ಕಂಪೆನಿಗೆ ಕೊಟ್ರ್ ಅಂಬ್ರ್.”

ಅಕ್ಕ ಬಟ್ಟಲಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಈಗ ಯಾರ್ ಮನ್ಯಗೆ ಇತ್ತ್ ಅದ್?”

ಕಂಪೆನಿಗೆ ಮನೆ ಎಲ್ಲಿ ಇರುತ್ತದೆ? ಧಣಿಯ ಮಗ ಕಣ್ಣು ತುಂಬಿಕೊಂಡು, ಅಪ್ಪನ ಹೆಸರಿನಲ್ಲಿ ನಾನು ಕೊಡುತ್ತೇನೆ, ತೆಗೆದುಕೊಂಡುಬಿಡಿ ಎಂದರು. ಅಕ್ಕ ಬಟ್ಟಲನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದರು. “ನಿಮ್ಮತ್ರ ಇಲ್ಲದ್ದ್ ನೀವ್ ಹ್ಯಾಂಗ್ ಕೊಡ್ತ್ರಿ? ಊಟ ಮಾಡ್ಕಂಡ್ ಹೋಯ್ನಿ,” ಎಂದರು. ಬಂದವರಿಗೆ ತಾವೇ ಬಡಿಸಿದರು, ತಾವು ಮಾತ್ರ ಉಣ್ಣಲಿಲ್ಲ.

ಬ್ರಹ್ಮಾವರದ ಹುಡುಗಿ ಬಿಡುವವಳಲ್ಲ. ಆ ದೊಡ್ಡ ಕಂಪೆನಿಯ ಬೆನ್ನು ಹತ್ತಿದಳು. ಅಲ್ಲಿ ಮನುಷ್ಯರ ಸ್ವರ ಕೇಳಿಸಬೇಕಾದರೆ ಎಷ್ಟು ಪಾಡುಪಟ್ಟಳೋ. ಕಡೆಗೊಂದು ದಿನ ಮಧ್ಯಾಹ್ನ, ಅವಳು ನನ್ನ ಅಂಗಡಿಯಲ್ಲಿ ಕೂತಿದ್ದಾಗಲೇ ಅಲ್ಲಿಂದ ಫೋನು ಬಂತು. ಹಿಂದಿಯಲ್ಲಿ ಮಾತು. ಯಾರೋ ಹೆಂಗಸು, ಒಳ್ಳೆಯ ರೀತಿಯಲ್ಲೇ ಮಾತಾಡಿದರು. ಆ ಹಾಡು ಊರಿನ ಹಳೆಯ ಹಾಡು, ಅದು ನಮ್ಮದಲ್ಲ, ಯಾರು ಬೇಕಾದರೂ ಹಾಡಲಿ, ಅಮ್ಮನೂ ಹಾಡಲಿ. ನಮ್ಮದು ಆ ಒಂದು ರೆಕಾರ್ಡು ಮಾತ್ರ. ಹಾಡಬಾರದು ಎಂದು ಅವರಿಗೆ ಯಾರಾದರೂ ಹೇಳಿದ್ದರಾ?

ಹುಡುಗಿ ಕುರ್ಚಿಯಿಂದ ಹಾರಿಬಿದ್ದಳು. ನಾನು ಎದುರಿನ ಸಿಹಿತಿಂಡಿ ಅಂಗಡಿಯಿಂದ ಹಾಲುಬಾಯಿ ಕಟ್ಟಿಸಿಕೊಂಡೆ, ಅಕ್ಕನಿಗೆ ಇಷ್ಟ ಎಂದು. ಬಸ್ಸಿನಲ್ಲಿ ಇಡೀ ದಾರಿ ನಾವಿಬ್ಬರೂ ನಗುತ್ತಲೇ ಹೋದೆವು. ಶಿರೂರಿನ ಕಡೆ ಹೋಗುವ ಬಸ್ಸಿನ ಕಂಡಕ್ಟರು, “ಎಂತ ಹ್ವಾಯ್, ಲಾಟ್ರಿ ಹೊಡಿತಾ?” ಎಂದು ಕೇಳಿದ. ನಾವೂ ಹಾಗೇ ತಿಳಿದಿದ್ದೆವು. ಅಕ್ಕನ ಅಂಗಳದ ದಣಪೆ ದಾಟುವಾಗಲೇ ನಾನು ಕೂಗಿ ಹೇಳಿದೆ.

“ಅಕ್ಕಾ, ಹಾಡ್ಲಕ್ಕ್ ಅಂಬ್ರ್! ಕಂಪೆನಿಯವ್ರೇ ಹೇಳಿರ್!”

ಅಕ್ಕ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮಗಳು ಒಳಗಿಂದ ಓಡಿ ಬಂದಳು. ಹುಡುಗಿ ಅಕ್ಕಿಯ ಮೂಡೆ ಬಿಚ್ಚುವ ಹಾಗೆ ಎಲ್ಲ ವಿವರಿಸಿದಳು: ಹಾಡು ಯಾವತ್ತೂ ಅವರದ್ದಾಗಿರಲಿಲ್ಲ, ಕಾಗದದಲ್ಲಿದ್ದದ್ದು ಆ ದಿನದ ರೆಕಾರ್ಡು ಒಂದೇ, ನೀವು ಬೇಕಾದಲ್ಲಿ ಬೇಕಾದಷ್ಟು ಹಾಡಬಹುದು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿಸಿಕೊಂಡರು.

“ಮೊದ್ಲಿಂದ್ಲೂ?”

“ಹೌದಕ್ಕಾ, ಮೊದ್ಲಿಂದ್ಲೂ!” ಎಂದೆ ನಾನು, ಹಲ್ಲು ಕಿಸಿದುಕೊಂಡೇ.

“ಹಂಗಾರೆ ಅವ್ರ್ ತಕಂಡದ್ದ್ ಎಂತ?”

“ಆ ದಿನದ್ ನಿಮ್ ಸ್ವರ ಮಾತ್ರ ಅಮ್ಮ.”

ಅವರ ಮುಖ ನೋಡಿ ನನ್ನ ನಗು ಅಲ್ಲೇ ನಿಂತುಹೋಯಿತು. ನಾವು ಎಂಥ ಸುದ್ದಿ ಹೊತ್ತು ತಂದಿದ್ದೇವೆ ಎಂಬುದು ನನಗೆ ತಿಳಿದದ್ದು ಆಗ. ಹಾಲುಬಾಯಿಯ ಪೊಟ್ಟಣ ಕೈಯಲ್ಲೇ ಉಳಿಯಿತು. ಹುಡುಗಿಗೂ ತಿಳಿಯಿತು, ಅವಳು ಕೂತಲ್ಲೇ ಕುಗ್ಗಿದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಬಾಯಲ್ಲಿದ್ದ ಎಲೆ ಉಗಿದು, ನೀರು ಮುಕ್ಕಳಿಸಿ, ಎಡಗೈಯನ್ನು ಕಿವಿಯ ಹಿಂದೆ ಇಟ್ಟರು. ಶುರುಮಾಡಿದರು. ಸ್ವರ ತುಕ್ಕು ಹಿಡಿದಿತ್ತು, ಉಬ್ಬಸಕ್ಕೆ ನಡುನಡುವೆ ಕಡಿಯುತ್ತಿತ್ತು, ಆದರೂ ಅದು ಅದೇ. ಬಾವಿ ಕೇಳಿತು. ಕರು ಕೇಳಿತು. ಮಲ್ಲಿಗೆ ಬಳ್ಳಿ ಕೇಳಿತು. ಮಗಳು ಕಂಬ ಹಿಡಿದು ನಿಂತಿದ್ದಳು. ಮಲ್ಲಿಗೆ ಮುಗಿದ ಮೇಲೆ ಅಕ್ಕ ನಿಂತರು. ಉಸಿರಿಗೆ ನಿಂತರೆಂದು ತಿಳಿದೆವು. ತುಟಿ ಆಡುತ್ತಿತ್ತು, ಮಾತು ಬರಲಿಲ್ಲ. ಇನ್ನೊಮ್ಮೆ ಬಾವಿಯಿಂದ ಶುರುಮಾಡಿದರು. ಮಲ್ಲಿಗೆಯವರೆಗೆ ಬಂದು ಮತ್ತೆ ಅಲ್ಲೇ ನಿಂತರು. ಮುಂದಿನದ್ದು ಅವರಲ್ಲಿ ಇರಲಿಲ್ಲ. ಅಷ್ಟು ವರ್ಷ ಬಾಯಲ್ಲಿ ಆಡದೆ, ಮದುವೆ ಮದುವೆಗಳಲ್ಲಿ ನಾನು ಹಾಕಿದ ಆ ಮೂರನ್ನೇ ಕೇಳಿ ಕೇಳಿ ಉಳಿದದ್ದೆಲ್ಲ ಅಳಿಸಿಹೋಗಿತ್ತು. ತಾಯಿಯ ಮಾತಿಗೆ ಸೊಲ್ಲು ಹಿಡಿದವರು ಯಾರೂ ಇಲ್ಲ, ಹಾಗಾಗಿ ಕೇಳಿ ತಿಳಿಯಲಿಕ್ಕೆ ಬೇರೆ ಬಾಯಿಯೂ ಇಲ್ಲ.

ಅವರು ಕಿವಿಯ ಹಿಂದಿನ ಕೈಯನ್ನು ಇಳಿಸಿದರು. ಮಗಳನ್ನು ಕರೆದರು. ಅವಳು ಬಂದು ಹತ್ತಿರ ಕೂತಾಗ, ಇನ್ನೇನು ದಿಬ್ಬಣ ಹೊರಡುವುದಿದೆ ಎನ್ನುವ ಹಾಗೆ ಅವಳ ತಲೆಯನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡು ನರೆತ ಬೈತಲೆ ಸವರಿದರು.

“ಹಾಡ್ಲಕ್ಕಿತ್ತ್ ಅಂಬ್ರಲೆ ಮಗಾ, ನಿನ್ನ್ ಮದಿಗೆ.”